ಮುಂದಿನ ವರ್ಷ ಬರುವ ತಂಗಿಗೆ

ಸಲ್ತನತ್ ಬಾಗಿಲು ತಟ್ಟಲಿಲ್ಲ, ತಳ್ಳಿಕೊಂಡೇ ಬಂದಳು. ಕೋಟಿನ ಮೇಲೆ ಬಿದ್ದ ಹಿಮ ಇನ್ನೂ ಕರಗಿರಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲೆ ಬಡಿದಿಟ್ಟಳು.

"ಇದನ್ನ ಬರೆದಿದ್ದು ನೀವೇನಾ?"

ಮೇಜಿನ ಆಚೆ ಕೂತಿದ್ದ, ಕಾಲೇಜಿನ ಅಭಿಪ್ರಾಯ ಫಾರಂಗಳನ್ನು ನೋಡಿಕೊಳ್ಳುವವನು ತಲೆಯೆತ್ತಿದ. ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಸಾಲಿತ್ತು: 'ಮೊದಲ ವರ್ಷದ ಗಣಿತ. ವಿದ್ಯಾರ್ಥಿಗಳ ಅಭಿಪ್ರಾಯ ಸ್ವೀಕರಿಸಿಲ್ಲ.' ಕೆಳಗೆ ಸಹಿ, ಎರ್ಮೆಕ್.

"ಹೌದು, ನಾನೇ. ಕೂತ್ಕೊಳ್ಳಿ ಏಜೆ."

ಏಜೆ ಎಂದರೆ ಅಕ್ಕ. ಪಾಠ ಹೇಳುವ ಹೆಂಗಸರನ್ನು ಕಿರ್ಗಿಜ್ ನಾಡಿನ ಕರಕೋಲ್‌ನಲ್ಲಿ ಊರಿಗೆ ಊರೇ ಕರೆಯುವುದು ಹಾಗೆ. ಇವತ್ತು ಆ ಮರ್ಯಾದೆಯೂ ಅವಳಿಗೆ ಮೈಯುರಿ ತಂದಿತು.

"ಕೂರೋಕೆ ಬಂದಿಲ್ಲ. ಆರು ವರ್ಷದಿಂದ ಪಾಠ ಮಾಡ್ತಿದೀನಿ. ಪ್ರತಿ ವರ್ಷ ಮಕ್ಕಳು ಐದಕ್ಕೆ ಐದು ಕೊಡ್ತಾರೆ. ನೀವು ಈ ಕುರ್ಚಿಗೆ ಬಂದು ಎರಡು ತಿಂಗಳಾಗಿಲ್ಲ, ನನ್ನನ್ನ ಕಳ್ಳಿ ಅಂತೀರಾ?"

ಅವನು ಎದ್ದ. ಕಪಾಟಿನಿಂದ ಫಾರಂಗಳ ಕಟ್ಟು ತೆಗೆದ. ಅದರಿಂದ ನಾಲ್ಕು ಹಾಳೆ ಎಳೆದು, ಒಂದರ ಮೇಲೊಂದು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದ. ನಾಲ್ಕು ಹಾಳೆಯ ಗುರುತುಗಳೂ ಒಂದರ ಮೇಲೊಂದು ಕೂತಿದ್ದವು. ಅದೇ ನೀಲಿ ಪೆನ್ನು, ಅದೇ ಓರೆ.

"ಐವತ್ತೆಂಟು ಫಾರಂ, ಒಂದೇ ಕೈ. ಈ ಐವತ್ತೆಂಟರಲ್ಲಿ ಮೂರು ಹುಡುಗರು ಸೆಪ್ಟೆಂಬರ್‌ನಲ್ಲೇ ಕೆಲಸ ಹುಡುಕ್ಕೊಂಡು ಮಾಸ್ಕೋಗೆ ಹೋದ್ರು. ಪಾಪ, ಅಲ್ಲಿಂದಲೂ ನಿಮಗೆ ಐದೇ ಕೊಟ್ಟಿದಾರೆ."

ಸಲ್ತನತ್ ಹಾಳೆ ಕಿತ್ತುಕೊಂಡು ನೋಡಿದಳು. ನೋಡುತ್ತ ನೋಡುತ್ತ ಅವಳ ಕಿವಿಯವರೆಗೆ ಬಿಸಿ ಏರಿತು.

"ನೀವು ಬರೆದ್ರಿ ಅಂತ ನಾನು ಎಲ್ಲೂ ಹೇಳಿಲ್ಲ. ಹೇಳೋಕೂ ಬಿಡದೆ ಜಗಳಕ್ಕೆ ಬಂದ್ರಿ. ಕ್ಲಾಸ್ ಲೀಡರ್ ಅಂತ ಒಬ್ರು ಇರ್ತಾರಲ್ಲ, ಅವರನ್ನ ಕೇಳಿ."

ಅವನ ಕಣ್ಣಿನ ಅಂಚಿನಲ್ಲಿ ನಗುವಿತ್ತು. ಅವಳನ್ನು ಕುಟುಕುವ ನಗುವಲ್ಲ. ಬಹಳ ದಿನದಿಂದ ಯಾರಾದರೂ ಜಗಳಕ್ಕಾದರೂ ಬರಲಿ ಎಂದು ಕಾದವನ ಹಾಗಿತ್ತು. ಸಲ್ತನತ್ ಕ್ಷಮೆ ಕೇಳಬೇಕಿತ್ತು. ಕೇಳದೆ ಬಂದುಬಿಟ್ಟಳು. ಮೆಟ್ಟಿಲಿಳಿಯುವಾಗ ಆ ನಗು ಯಾಕೋ ಬೆನ್ನ ಹಿಂದೆಯೇ ಬರುತ್ತಿತ್ತು.

ಕ್ಲಾಸ್ ಲೀಡರ್ ಐಜಿರೆಕ್ ಎಂಬ ಹುಡುಗಿ, ತ್ಯುಪ್ ಕಡೆಯವಳು. ಕೇಳಿದ ಕೂಡಲೇ ಅತ್ತಳು.

"ಏಜೆ, ನಿಮ್ಮ ಬಗ್ಗೆ ಹೆಂಗೆ ಬರೆಯೋದು? ನಾಚಿಕೆಗೇಡಲ್ವಾ? ಇಸ್ಕೂಲಲ್ಲೂ ನಾನೇ ಎಲ್ಲಾರದ್ದೂ ತುಂಬ್ತಿದ್ದೆ. ಯಾರೂ ಬೇಡ ಅಂದಿಲ್ಲ."

"ನಿನಗೆ ನಿಜವಾಗಿ ಏನನ್ಸುತ್ತೆ, ನನ್ನ ಪಾಠ?"

"ತುಂಬಾ ಚೆನ್ನಾಗಿದೆ ಏಜೆ!"

ಹೋದ ತಿಂಗಳ ಪರೀಕ್ಷೆಯಲ್ಲಿ ಈ ಹುಡುಗಿಗೆ ನೂರಕ್ಕೆ ಹತ್ತೊಂಬತ್ತು ಬಂದಿತ್ತು. ಸಲ್ತನತ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ವಿಷಯ ಇಷ್ಟೇ ಆಗಿದ್ದರೆ ಅವಳು ಬಿಟ್ಟುಬಿಡುತ್ತಿದ್ದಳೇನೋ. ಆದರೆ ಹೋದ ಚಳಿಗಾಲದಲ್ಲಿ ಅರವತ್ತು ಮಕ್ಕಳಲ್ಲಿ ಮೂವತ್ತೊಂದು ಮಂದಿ ಗಣಿತದಲ್ಲಿ ಬಿದ್ದಿದ್ದರು. ಅವರಲ್ಲಿ ಅರ್ಧದಷ್ಟು ಜನ ಮತ್ತೆ ಕಾಲೇಜಿಗೆ ಬರಲೇ ಇಲ್ಲ. ವಿಭಾಗದ ಮುಖ್ಯಸ್ಥೆ ಸಬೀರಾ ಏಜೆ ಎಲ್ಲರೆದುರೇ ಹೇಳಿದ್ದರು: "ಈ ಜನವರಿಯಲ್ಲೂ ಅರ್ಧ ಬಿದ್ರೆ ಮೊದಲ ವರ್ಷ ನಿನ್ನ ಕೈಯಿಂದ ಹೋಗುತ್ತೆ ಮಗಳೇ. ಬೇಜಾರ್ ಮಾಡ್ಕೋಬೇಡ." ಸಬೀರಾ ಏಜೆ ಸಲ್ತನತ್‌ಗೂ ಪಾಠ ಹೇಳಿದವರು. ಆಡಿದ ಮಾತಿಗೆ ತಪ್ಪುವವರಲ್ಲ.

ಮೊದಲ ವರ್ಷ ಹೋದರೆ ಬೇರೆ ಯಾವುದೋ ವರ್ಷ ಸಿಗುತ್ತದೆ ಎಂದು ಸಮಾಧಾನ ಹೇಳಿದವರಿದ್ದರು. ಅವರಿಗೇನು ಗೊತ್ತು? ಬೆಟ್ಟದ ಮೇಲಿನ ಹಳ್ಳಿಯಿಂದ ಬಂದ ಸಲ್ತನತ್ ಮೊದಲ ವರ್ಷದಲ್ಲೇ ಹೆಚ್ಚುಕಡಿಮೆ ಮುಳುಗಿದ್ದಳು. ರಷ್ಯನ್ ಪುಸ್ತಕದ ಒಂದೊಂದು ಸಾಲಿಗೂ ಅರ್ಧ ಗಂಟೆ ಕೂತು ದಡ ಸೇರಿದವಳು. ಅಲ್ಲಿಂದೀಚೆಗೆ ಮದುವೆಯಾದಳು, ಎರಡು ವರ್ಷಕ್ಕೆ ಆ ಮದುವೆಯಿಂದ ಹೊರಗೆ ಬಂದಳು. ಮೂವತ್ಮೂರು ತುಂಬಿತು. ಇಷ್ಟರಲ್ಲಿ ಅವಳು ತನ್ನದು ಎಂದು ಗಟ್ಟಿಯಾಗಿ ಹಿಡಿದುಕೊಂಡದ್ದು ಈ ಒಂದು ಕೋರ್ಸನ್ನೇ. ಬಿಡುವ ಮಾತೇ ಇರಲಿಲ್ಲ.

ಮರುದಿನ ಮತ್ತೆ ಎರಡನೇ ಮಹಡಿ ಹತ್ತಿದಳು. ಈ ಸಲ ಬಾಗಿಲು ತಟ್ಟಿದಳು.

"ಎರ್ಮೆಕ್ ಬೈಕೆ, ನಿಜವಾದ ಅಭಿಪ್ರಾಯ ಬೇಕು ನನಗೆ. ಹೇಗೆ ತಗೊಳ್ಳೋದು ಹೇಳಿ."

ಅವನು ಚಹಾದ ಬಟ್ಟಲು ಕೆಳಗಿಟ್ಟ. "ಬೈಕೆ ಅಂದ್ರಾ? ನಿಮಗೆಷ್ಟು ವರ್ಷ?"

"ಮೂವತ್ಮೂರು. ಯಾಕೆ?"

"ನನಗೆ ಮೂವತ್ನಾಲ್ಕು. ಒಂದು ವರ್ಷಕ್ಕೆಲ್ಲ ಯಾರಿಗೂ ಅಣ್ಣ ಆಗೋಕೆ ನನಗಿಷ್ಟ ಇಲ್ಲ. ಬರೀ ಎರ್ಮೆಕ್ ಸಾಕು."

ಹೇಳಿ ಸುಮ್ಮನೆ ಫಾರಂ ಜೋಡಿಸತೊಡಗಿದ. ಏನೂ ಆಗದವನ ಹಾಗೆ! ಸಲ್ತನತ್ ಕಿಟಕಿಯ ಕಡೆ ತಿರುಗಿ ಹಿಮ ನೋಡಿದಳು. ಹಿಮದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಹೆಸರಿಲ್ಲದ ಹೊಸ ಫಾರಂ ಮಾಡಿದರು. ಒಬ್ಬೊಬ್ಬರನ್ನೇ ಕೂರಿಸಿ ತುಂಬಿಸಿದರು. ಬಂದದ್ದು ಮತ್ತೆ ಐದು. ಒಬ್ಬ ಹುಡುಗ ಮಾತ್ರ ನಾಲ್ಕು ಕೊಟ್ಟು, ಹೆದರಿ, ಅದನ್ನು ಕೆರೆದು ಐದು ಮಾಡಿದ್ದ. ಮೆಟ್ಟಿಲ ಬಳಿ ಬೀಗ ಹಾಕಿದ ಪೆಟ್ಟಿಗೆ ಇಟ್ಟರು. ವಾರದ ಮೇಲೆ ತೆಗೆದಾಗ ಅದರಲ್ಲಿ ಮೂರು ಚಾಕಲೇಟು ಸಿಕ್ಕಿದವು. ಜೊತೆಗೆ 'ಏಜೆ ನೂರು ವರ್ಷ ಬಾಳಲಿ' ಎಂದು ಬರೆದ ಒಂದು ಚೀಟಿ.

ಎರ್ಮೆಕ್ ಮೇಜಿಗೆ ಹಣೆ ಹಚ್ಚಿ ನಕ್ಕ.

"ನಗ್ತೀರಾ? ನನ್ನ ಕೋರ್ಸ್ ಹೋಗ್ತಿದೆ ಇಲ್ಲಿ!"

"ಕ್ಷಮಿಸಿ. ನಾನು ಇಲ್ಲಿಗೆ ಬರೋ ಮೊದಲು ನೀರು ಸರಬರಾಜು ಕಚೇರಿಯಲ್ಲಿ ದೂರು ಬರ್ಕೊಳ್ತಿದ್ದೆ. ನಲ್ಲಿ ವಿಷಯದಲ್ಲಿ ಯಾರೂ ನಾಚ್ಕೊಳ್ಳಲ್ಲ. ಎಪ್ಪತ್ತು ವರ್ಷದ ಅಜ್ಜಿ ಬಂದು ನನ್ನ ಜನ್ಮ ಜಾಲಾಡಿ ಹೋಗ್ತಿದ್ಲು. ಆ ಅಜ್ಜಿ ಈಗ ಸಿಕ್ಕಿದ್ರೆ ನಿಮ್ಮ ಕ್ಲಾಸಲ್ಲಿ ಕೂರಿಸ್ತಿದ್ದೆ."

ಸಲ್ತನತ್ ಹಲ್ಲು ಕಚ್ಚಿಕೊಂಡಳು, ಆದರೂ ನಗು ತಡೆಯಲಾಗಲಿಲ್ಲ. ನಕ್ಕಾಗ ಅವಳ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತದೆ. ಎರ್ಮೆಕ್ ಅದನ್ನು ನೋಡಿ, ನೋಡಿದ್ದು ಗೊತ್ತಾಗಬಾರದೆಂದು ಚಾಕಲೇಟಿನ ಕಾಗದ ಬಿಚ್ಚಿದ. ಗೊತ್ತಾಗಿಯೇ ಆಗಿತ್ತು.

"ನಡೀರಿ, ಊಟ ಮಾಡೋಣ. ಹೊಟ್ಟೆ ತುಂಬಿದ್ರೆ ಏನಾದ್ರೂ ಹೊಳೆಯುತ್ತೆ" ಎಂದ.

ಕಾಲೇಜಿನ ಎದುರು ಎರ್ಮೆಕ್‌ನ ತಂಗಿ ಬೆರ್ಮೆತ್‌ಳ ಪುಟ್ಟ ಹೋಟೆಲು. ಹುಳಿ ಖಾರದ ತಣ್ಣನೆ ಸಾರಿನಲ್ಲಿ ಶ್ಯಾವಿಗೆ ಹಾಕಿದ ಅಶ್ಲ್ಯಾಮ್‌ಫು, ಜೊತೆಗೆ ಬಿಸಿ ಆಲೂಗಡ್ಡೆ ಕಡುಬು. ಹೊರಗೆ ಮೈನಸ್ ಹನ್ನೆರಡಿದ್ದರೂ ಜನ ಅದನ್ನೇ ತಿನ್ನುವುದು. ಇಬ್ಬರೂ ಮೂಲೆಯ ಪರದೆಯ ಹಿಂದೆ ಕೂತರು. ಎರಡು ತುತ್ತು ತಿಂದಿರಲಿಲ್ಲ, ಪರದೆಯ ಆಚೆಯ ಮೇಜಿನಿಂದ ಪರಿಚಿತ ದನಿ ಕೇಳಿಸಿತು. ಐಜಿರೆಕ್! ಜೊತೆಗೆ ಊರಿನಿಂದ ಬಂದ ಅವಳ ತಂಗಿ. ಶಾಲೆಯ ಕೊನೇ ವರ್ಷದ ಹುಡುಗಿ, ಮುಂದಿನ ವರ್ಷ ಇದೇ ಕಾಲೇಜಿಗೆ ಸೇರುವವಳು.

"ಗಣಿತದ ಏಜೆ ಒಳ್ಳೆಯೋರು ಕಣೆ. ಅದೇ ತೊಂದ್ರೆ. ಬೈದಿದ್ರೆ ಚೆನ್ನಾಗಿತ್ತು, ತಿರುಗಿ ಹೇಳ್ಬೋದಿತ್ತು. ಅವರು ಬೋರ್ಡ್ ಜೊತೆ ಮಾತಾಡ್ತಾರೆ, ನಮ್ಮ ಜೊತೆ ಅಲ್ಲ. ಅರ್ಥ ಆಯ್ತಾ ಅಂತ ಕೇಳ್ತಾರೆ, ನೀನು ಆಯ್ತು ಅಂದ್ಬಿಡು. ಇಲ್ಲ ಅಂದ್ರೆ ಅದನ್ನೇ ಅದೇ ರಷ್ಯನ್ ಮಾತಲ್ಲಿ ಇನ್ನೊಂದ್ಸಲ ಹೇಳ್ತಾರೆ. ಮೊದಲನೇ ತಿಂಗಳೇ ನಾನು ದಾರಿ ತಪ್ಪಿದೆ. ನೀನು ಬೇಸಿಗೆಯಲ್ಲೇ ಲಿಮಿಟ್ ಕಲ್ತ್ಕೊಂಡು ಬಾ, ಇಲ್ದಿದ್ರೆ ನನ್ನ ಹಾಗೆ ಆಗ್ತೀಯ."

ಸಲ್ತನತ್‌ಳ ಕೈಯಲ್ಲಿ ಚಮಚ ನಿಂತುಬಿಟ್ಟಿತು. ಎದ್ದು ಹೋಗಬೇಕೆಂದು ಕುರ್ಚಿ ಹಿಂದೆ ಸರಿಸಿದಳು. ಎರ್ಮೆಕ್ ಮೇಜಿನ ಮೇಲಿಂದ ಅವಳ ಕೋಟಿನ ತೋಳು ಹಿಡಿದ. ಬೇಡ ಎಂದು ತಲೆಯಾಡಿಸಿದ. ಅವನ ಬೆರಳು ಅವಳ ಮಣಿಕಟ್ಟಿಗೆ ತಾಗಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ಅಕ್ಕತಂಗಿಯರು ಎದ್ದು ಹೋಗುವವರೆಗೂ ಅವನು ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.

"ನನ್ನ ಮುಖಕ್ಕೆ ತುಂಬಾ ಚೆನ್ನಾಗಿದೆ ಅಂದಳಲ್ಲ ಈ ಹುಡುಗಿ!" ಸಲ್ತನತ್ ಬಟ್ಟಲನ್ನು ಪಕ್ಕಕ್ಕೆ ತಳ್ಳಿದಳು.

"ನಿಮಗೆ ಹೇಳಿದ್ರೆ ದೊಡ್ಡವರಿಗೆ ಅವಮಾನ. ತಂಗಿಗೆ ಹೇಳದಿದ್ರೆ ಅಕ್ಕ ಆಗಿ ಏನು ಪ್ರಯೋಜನ? ನಮ್ಮ ಜನ ಹಾಗೇ ಅಲ್ವಾ?" ಎಂದ ಎರ್ಮೆಕ್.

ಸಲ್ತನತ್ ಕಣ್ಣೊರೆಸಿಕೊಂಡಳು. ಒರೆಸಿಕೊಂಡವಳು ಹಾಗೇ ಅವನನ್ನು ನೋಡುತ್ತ ಕೂತಳು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

"ನನಗೆ ಬರೆಯೋದು ಬೇಡ" ಎಂದಳು ಮೆಲ್ಲಗೆ. "ತಂಗಿಗೆ ಬರೀಲಿ. ತಮ್ಮನಿಗೆ ಬರೀಲಿ. ಮುಂದಿನ ವರ್ಷ ಇದೇ ಬೆಂಚಲ್ಲಿ ಬಂದು ಕೂರೋ ಮಗುಗೆ."

"ಏಜೆ, ಈ ಊಟದ ಬಿಲ್ಲು ನನ್ನದು!"

"ನಾನು ಬರೀ ಸಲ್ತನತ್. ನೀವು ಎರ್ಮೆಕ್ ಆದ್ರೆ ನಾನೂ ಸಲ್ತನತ್."

ಸೋಮವಾರ ಐವತ್ತೈದು ಹಾಳೆ ಹಂಚಿದಳು. ಒಬ್ಬರ ಹೆಸರೂ ಬೇಡ ಎಂದಳು. ನನ್ನ ಬಿಟ್ಟು ಇನ್ಯಾರೂ ಓದುವುದಿಲ್ಲ ಎಂದು ಮಾತು ಕೊಟ್ಟಳು. ಆಮೇಲೆ ನೆನಪಾಗಿ, ಫಾರಂ ನೋಡಿಕೊಳ್ಳುವ ಎರ್ಮೆಕ್ ಕೂಡ ಓದುತ್ತಾನೆ, ಬೇಡವೆಂದರೆ ಈಗಲೇ ಹೇಳಿ ಎಂದಳು. ಯಾರೂ ಬೇಡ ಎನ್ನಲಿಲ್ಲ. ಬರೆಯಿರಿ ಎಂದು ಹೇಳಿ ತಾನು ಹೊರಗೆ ಹೋಗಿ ನಿಂತಳು. ಹತ್ತು ನಿಮಿಷಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದಳು. ಗಂಟೆ ಹೊಡೆದರೂ ಮಕ್ಕಳು ಬರೆಯುತ್ತಲೇ ಇದ್ದರು.

ಮಧ್ಯಾಹ್ನ ಖಾಲಿ ಕ್ಲಾಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಓದಿದರು.

'ತಮ್ಮಾ, ಮಂಗಳವಾರ ಎಂಟು ಗಂಟೆಯ ಕ್ಲಾಸಿಗೆ ನಮ್ಮ ಮಿನಿಬಸ್ಸು ಯಾವತ್ತೂ ಹೊತ್ತಿಗೆ ಸರಿಯಾಗಿ ತಲುಪಲ್ಲ. ಹೊಸ ಪಾಠ ಶುರುವಾಗೋದು ಅವತ್ತೇ. ಊರಲ್ಲೇ ರೂಮು ಹಿಡಿ.'

'ತಂಗಿ, ಹಿಂದಿನ ಬೆಂಚಲ್ಲಿ ಕೂತ್ರೆ ಬೋರ್ಡಿನ ಕೆಳಗಿನ ಅರ್ಧ ಕಾಣ್ಸಲ್ಲ. ಕನ್ನಡಕ ಇಲ್ದೋರು ಬೇಗ ಬಂದು ಜಾಗ ಹಿಡೀಬೇಕು.'

'ತಂಗಿ, ಈ ಅಕ್ಷರಗಳ ಹಿಂದೆ ಏನಿದೆ ಅಂತ ಕಿರ್ಗಿಜ್ ಭಾಷೇಲಿ ಒಂದೇ ಒಂದು ಸಲ ಯಾರಾದ್ರೂ ಹೇಳಿದ್ರೆ ನನಗೆ ಬರ್ತಿತ್ತು. ನಾನು ದಡ್ಡಿ ಅಂತ ಮನೇಲಿ ಹೇಳ್ಬೇಡ.'

ಈ ಕೊನೆಯ ಪತ್ರ ಓದಿ ಸಲ್ತನತ್ ಅತ್ತುಬಿಟ್ಟಳು. ತಾನೂ ಹದಿನೆಂಟರಲ್ಲಿ ಇದೇ ಮಾತನ್ನು ಎದೆಯಲ್ಲಿಟ್ಟುಕೊಂಡು ಅತ್ತಿದ್ದಳು. ಪಾಠ ಹೇಳುವ ಜಾಗಕ್ಕೆ ಬಂದಮೇಲೆ ತನಗೆ ಹೇಗೆ ಹೇಳಿಕೊಟ್ಟರೋ ಹಾಗೆಯೇ ಹೇಳಿಕೊಡುತ್ತಿದ್ದಳು. ಅದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಎರ್ಮೆಕ್ ಸಮಾಧಾನ ಹೇಳಲಿಲ್ಲ. ಕರವಸ್ತ್ರ ಕೊಟ್ಟು, ಅವಳ ಅಳು ನಿಲ್ಲುವವರೆಗೂ ಪತ್ರಗಳನ್ನು ವಿಷಯದ ಪ್ರಕಾರ ಬೇರೆ ಮಾಡುತ್ತಿದ್ದ.

"ನೀವು ಎರಡು ಸಲ ನನ್ನ ಕ್ಲಾಸಿಗೆ ಬಂದು ಹಿಂದೆ ಕೂತಿದ್ರಿ" ಎಂದಳು ಮೂಗೊರೆಸಿಕೊಂಡು. "ನಿಮಗೇನು ಕಾಣ್ಸಿತು? ಬೋರ್ಡಿನ ಕೆಳಗಿನ ಅರ್ಧ ಕಾಣಲ್ವಾ?"

"ನನ್ನನ್ನ ಕೇಳಬೇಡಿ."

"ಯಾಕೆ?"

"ನಾನು ಬೋರ್ಡ್ ನೋಡ್ತಿರಲಿಲ್ಲ."

ಮಾತು ಬಾಯಿಂದ ಜಾರಿಬಿಟ್ಟಿತ್ತು. ಅವನು ಎದ್ದು, ಯಾವುದೋ ಕೆಲಸ ನೆನಪಾಯಿತು ಎಂದು ಗೊಣಗಿ, ಬಾಗಿಲ ಬದಲು ಕಪಾಟಿನ ಕಡೆ ನಡೆದು, ತಿರುಗಿ ಬಾಗಿಲು ಹುಡುಕಿಕೊಂಡು ಹೋದ. ಸಲ್ತನತ್ ಪತ್ರಗಳ ನಡುವೆ ಒಬ್ಬಳೇ ಕೂತು ಒದ್ದೆ ಕಣ್ಣಲ್ಲೇ ನಕ್ಕಳು. ಎಷ್ಟು ವರ್ಷವಾಗಿತ್ತು ಯಾರಾದರೂ ಅವಳನ್ನು ಹಾಗೆ ನೋಡಿ!

ಆದರೆ ಪರೀಕ್ಷೆಗೆ ಅವಳಿಗೆ ಉಳಿದಿದ್ದದ್ದು ಆರು ವಾರ. ಮೊದಲು ಅದನ್ನು ನೋಡಬೇಕು ಎಂದು ಸೊಂಟ ಕಟ್ಟಿದಳು.

ಮಂಗಳವಾರದ ಕ್ಲಾಸನ್ನು ಎಂಟರಿಂದ ಹತ್ತಕ್ಕೆ ಬದಲಿಸಲು ಮೂರು ಕಚೇರಿ ಸುತ್ತಿದಳು. ಮಿನಿಬಸ್ಸಿನ ವೇಳೆಯನ್ನು ಎರ್ಮೆಕ್ ನಿಲ್ದಾಣದಲ್ಲಿ ನಿಂತು ಬರೆದುಕೊಂಡು ಬಂದ. ಕಿವಿ ಕೆಂಪಾಗಿ, ಮೀಸೆಗೆ ಮಂಜು ಕಟ್ಟಿತ್ತು. ಪ್ರತಿ ಹೊಸ ಪಾಠವನ್ನೂ ಮೊದಲು ಕಿರ್ಗಿಜ್‌ನಲ್ಲಿ, ಕುರಿ ಬೆಟ್ಟ ಕೆರೆಗಳ ಉದಾಹರಣೆ ಕೊಟ್ಟು ಹೇಳಿದಳು, ಆಮೇಲೆ ಪುಸ್ತಕದ ಭಾಷೆಗೆ ಬಂದಳು. ಬೋರ್ಡಿನ ಕೆಳಗಿನ ಅರ್ಧ ಬಳಸುವುದನ್ನೇ ಬಿಟ್ಟಳು. ಅರ್ಥ ಆಯ್ತಾ ಎಂಬ ಮಾತಂತೂ ಅವಳ ಬಾಯಿಂದ ಹೊರಡಲಿಲ್ಲ. ಅದರ ಬದಲು ಶುಕ್ರವಾರ ಶುಕ್ರವಾರ ಚೀಟಿ ಹಂಚುತ್ತಿದ್ದಳು: 'ಈ ವಾರ ಯಾವ ಹೆಜ್ಜೆಯಲ್ಲಿ ನಿಂತುಹೋದೆ ಅಂತ ತಂಗಿಗೆ ಹೇಳು.' ಶನಿವಾರ ಓದುವಳು, ಸೋಮವಾರ ಆ ಹೆಜ್ಜೆಯಿಂದಲೇ ಶುರು ಮಾಡುವಳು.

ಎಲ್ಲವೂ ಹೂವಿನ ಹಾಗೆ ನಡೆಯಿತು ಎನ್ನಲಾರೆ. ಎರಡನೇ ವಾರ ಕಿರ್ಗಿಜ್ ಬಾರದ ನಾಲ್ಕು ರಷ್ಯನ್ ಮಕ್ಕಳು 'ತಮ್ಮಾ, ಈಗ ನಾವು ದಾರಿ ತಪ್ಪಿದ್ದೇವೆ' ಎಂದು ಬರೆದರು. ಅವರಿಗೆ ಬೇರೆ ಗಂಟೆ ಇಟ್ಟಳು. ಮಾತಾಡಿ ಮಾತಾಡಿ ಅವಳ ದನಿ ಬಿದ್ದುಹೋಯಿತು. ಬೆರ್ಮೆತ್‌ಳ ಹೋಟೆಲಿನಲ್ಲಿ ಜೇನು ಹಾಕಿದ ಬಿಸಿ ಹಾಲು ಕುಡಿಯುತ್ತ ಕೂತಾಗ ಬೆರ್ಮೆತ್ ಎದುರಿಗೆ ಬಂದು ಕೂತಳು.

"ಅಕ್ಕಾ, ನಿಮ್ಮಿಬ್ಬರದ್ದೂ ಯಾವಾಗ? ನಮ್ಮಣ್ಣ ನನ್ನ ತಲೆ ತಿಂದುಬಿಟ್ಟ. ಇವತ್ತು ಅವಳು ಹಸಿರು ಶಾಲು ಹೊದ್ದಿದ್ಲು, ಇವತ್ತು ಅವಳಿಗೆ ಕೆಮ್ಮು, ಇವತ್ತು ನಕ್ಕಳು. ನಕ್ಕಿದ್ದನ್ನೂ ಲೆಕ್ಕ ಇಟ್ಟಿದಾನೆ ಮಾರಾಯ!"

"ನನಗೆ ಒಂದು ಮಾತೂ ಹೇಳಿಲ್ಲ."

"ನಿಮಗೆ ಹೆಂಗೆ ಹೇಳ್ತಾನೆ? ಅದಕ್ಕೆ ಧೈರ್ಯ ಬೇಕು. ತಂಗಿ ಅಲ್ವಾ, ಅದಕ್ಕೆ ನನಗೆ ಹೇಳ್ತಾನೆ."

ಸಲ್ತನತ್ ಹಾಲು ನೆತ್ತಿಗೇರುವಷ್ಟು ನಕ್ಕಳು. ಐವತ್ತೈದು ಮಕ್ಕಳ ಬಾಯಿ ಬಿಡಿಸಿದವನು ತಾನೇ ಬಾಯಿ ಬಿಡುತ್ತಿಲ್ಲ! ಇರಲಿ, ಜನವರಿ ಕಳೆಯಲಿ ಎಂದುಕೊಂಡಳು.

ಪರೀಕ್ಷೆಗೆ ಒಂದು ವಾರವಿತ್ತು. ಸಬೀರಾ ಏಜೆ ವಿಭಾಗದ ಸಭೆ ಕರೆದರು. ಯಾರೋ ಅವರಿಗೆ ಚಾಡಿ ಹೇಳಿದ್ದರು.

"ಮಕ್ಕಳ ಕೈಯಲ್ಲಿ ಗುರುಗಳ ತಪ್ಪು ಬರೆಸ್ತಿದೀಯಂತೆ. ಈ ಗೋಡೆಗಳ ಮಧ್ಯೆ ಇಂಥದ್ದು ಯಾವತ್ತೂ ಆಗಿಲ್ಲ. ಎರ್ಮೆಕ್, ಆ ಪತ್ರಗಳನ್ನ ತಂದು ಮೇಜಿನ ಮೇಲಿಡು. ಯಾರ ಅಕ್ಷರ ಅಂತ ನಾವು ನೋಡ್ತೀವಿ."

ಎರ್ಮೆಕ್ ಎದ್ದು ನಿಂತ. ಅವನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ಕಾಗದಕ್ಕೆ ಸಹಿ ಹಾಕಬೇಕಾದವರಲ್ಲಿ ಸಬೀರಾ ಏಜೆ ಒಬ್ಬರು. ಅವನು ಸಲ್ತನತ್ ಕಡೆ ಒಮ್ಮೆ ನೋಡಿದ.

"ಕೊಡಲ್ಲ ಏಜೆ. ಮಕ್ಕಳಿಗೆ ಮಾತು ಕೊಟ್ಟಿದೀವಿ."

ಸಲ್ತನತ್‌ಗೆ ಆ ಕ್ಷಣ ಅವನನ್ನು ಎಲ್ಲರೆದುರೇ ಅಪ್ಪಿಕೊಳ್ಳಬೇಕೆನಿಸಿತು. ಅದರ ಬದಲು ಎದ್ದು ಅವನ ಪಕ್ಕ ನಿಂತಳು.

"ಪತ್ರ ಕೊಡಲ್ಲ. ಅದರಲ್ಲಿರೋದನ್ನ ನಾನೇ ಹೇಳ್ತೀನಿ, ಬಾಯಿಪಾಠ ಆಗಿದೆ. ನಾನು ಬೋರ್ಡ್ ಜೊತೆ ಮಾತಾಡ್ತಿದ್ದೆ. ಬಸ್ಸು ಬರೋ ಮೊದಲೇ ಹೊಸ ಪಾಠ ಶುರು ಮಾಡ್ತಿದ್ದೆ. ಮಕ್ಕಳಿಗೆ ಬಾರದ ಭಾಷೇಲಿ ಹೇಳಿ, ಅರ್ಥ ಆಗಿಲ್ಲ ಅಂದ್ರೆ ಅದೇ ಭಾಷೇಲಿ ಮತ್ತೆ ಹೇಳ್ತಿದ್ದೆ. ಹಿಂದಿನ ಬೆಂಚಿಗೆ ಕಾಣುತ್ತಾ ಅಂತ ಆರು ವರ್ಷದಲ್ಲಿ ಒಂದು ಸಲವೂ ಹಿಂದೆ ಹೋಗಿ ಕೂತು ನೋಡಿಲ್ಲ. ಹೋದ ವರ್ಷ ಬಿದ್ದ ಮೂವತ್ತೊಂದು ಜನರಲ್ಲಿ ದಡ್ಡರು ಎಷ್ಟು ಜನವೋ ಗೊತ್ತಿಲ್ಲ, ಆದ್ರೆ ನನ್ನಿಂದ ಬಿದ್ದವರು ಬಹಳ ಇದಾರೆ."

ಅವಳು ಸಬೀರಾ ಏಜೆಯ ಕಡೆ ತಿರುಗಿದಳು.

"ಈ ಸಲದ ಪ್ರಶ್ನೆಪತ್ರಿಕೆ ನೀವೇ ಮಾಡಿ ಏಜೆ, ನೀವೇ ತಿದ್ದಿ. ಅರ್ಧ ಬಿದ್ರೆ ಕೋರ್ಸ್ ತಗೊಳ್ಳಿ. ನಾನು ಒಂದು ಮಾತೂ ಆಡಲ್ಲ."

ಸಬೀರಾ ಏಜೆ ಕನ್ನಡಕ ತೆಗೆದು ಒರೆಸಿದರು. "ತಿದ್ತೀನಿ" ಎಂದರು ಅಷ್ಟೇ.

ತಿದ್ದಿದರು. ಅವರ ತಿದ್ದುವಿಕೆಯಲ್ಲಿ ದಯೆ ಎನ್ನುವುದು ಯಾವತ್ತೂ ಇರಲಿಲ್ಲ, ಈ ಸಲವೂ ಇರಲಿಲ್ಲ. ಐವತ್ತೈದು ಮಂದಿಯಲ್ಲಿ ಬಿದ್ದವರು ಹದಿಮೂರು. ಐಜಿರೆಕ್‌ಗೆ ಅರವತ್ತೆಂಟು ಬಂದಿತ್ತು. ಅವಳು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಕಿರುಚಿಕೊಂಡು ಓಡಿದಳು.

"ಹದಿಮೂರೂ ಜಾಸ್ತಿನೇ" ಎಂದರು ಸಬೀರಾ ಏಜೆ, ಪಟ್ಟಿ ಕೊಡುತ್ತ.

"ಹೌದು ಏಜೆ. ಹದಿಮೂರು ಜನರನ್ನೂ ಕೂರಿಸಿಕೊಂಡು ಎಲ್ಲಿ ನಿಂತ್ರಿ ಅಂತ ಕೇಳ್ತೀನಿ."

"ಕೇಳು. ಮೊದಲ ವರ್ಷ ನಿನ್ನದೇ." ದನಿ ತಗ್ಗಿಸಿದರು. "ನನ್ನ ಮೂರನೇ ವರ್ಷದ ಮಕ್ಕಳಿಗೂ ಆ ಕಾಗದ ಬರೆಸು. ಬರೆಸಿ ನನ್ನ ಕೈಗೇ ಕೊಡು, ಬೇರೆಯವರಿಗೆ ಬೇಡ. ಆ ಹುಡುಗನ ಖಾಯಂ ಕಾಗದ ಇಲ್ಲಿದೆ, ಸಹಿ ಹಾಕಿದೀನಿ, ತಗೊಂಡು ಹೋಗು."

ಎರಡು ಕಾಗದ ಹಿಡಿದು ಸಲ್ತನತ್ ಅವನನ್ನು ಹುಡುಕುತ್ತ ಹೊರಟಳು. ಎರ್ಮೆಕ್ ಅಂಗಳದಲ್ಲಿ ಎಲೆಯುದುರಿದ ಸೇಬಿನ ಮರಗಳ ಕೆಳಗೆ ಹಿಮ ತುಳಿದುಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದ. ಅವಳ ಮುಖ ನೋಡಿಯೇ ಅವನಿಗೆ ಫಲಿತಾಂಶ ತಿಳಿಯಿತು. ಮಧ್ಯಾಹ್ನದ ಬಿಸಿಲು ಹಿಮದ ಮೇಲೆ ಬಿದ್ದು ಇಬ್ಬರ ಕಣ್ಣನ್ನೂ ಕುಕ್ಕುತ್ತಿತ್ತು.

"ಹದಿಮೂರು" ಎಂದಳು.

"ಹದಿಮೂರು!" ಅವನು ಟೋಪಿ ತೆಗೆದು ಮೇಲಕ್ಕೆ ಎಸೆದ. ಅದು ಸೇಬಿನ ಕೊಂಬೆಗೆ ಸಿಕ್ಕಿಕೊಂಡಿತು.

"ಟೋಪಿ ಆಮೇಲೆ. ಬೆರ್ಮೆತ್ ನನಗೆ ಎಲ್ಲ ಹೇಳಿದಾಳೆ. ಅವಳಿಗೆ ಹೇಳಿದ್ದನ್ನ ಈಗ ನನಗೆ ಹೇಳಿ. ಮುಖ ನೋಡಿ ಹೇಳಿ."

ಅವನ ಮುಖ ಕೆಂಪಾಯಿತು. ನೆಲ ನೋಡಿದ, ಟೋಪಿ ನೋಡಿದ, ಕೊನೆಗೆ ಅವಳನ್ನು ನೋಡಿದ.

"ಮೊದಲನೇ ದಿನ ಬಾಗಿಲು ತಳ್ಕೊಂಡು ಬಂದ್ರಲ್ಲ, ಅವತ್ತಿಂದ ನನಗೆ ನೆಟ್ಟಗೆ ನಿದ್ದೆ ಬಂದಿಲ್ಲ. ನಿಮ್ಮನ್ನ ಇಷ್ಟಪಡ್ತೀನಿ. ತುಂಬಾ. ಮದುವೆ ಆಗೋಣ ಅಂತ ಕೇಳ್ಬೇಕು ಅಂತ ಡಿಸೆಂಬರ್ ಪೂರ್ತಿ ಬಾಯಿ ತೆಗೆದೆ, ಮುಚ್ಚಿದೆ. ಅಮ್ಮ ಆಗಲೇ ಓಲೆ ತೆಗೆದಿಟ್ಟಿದಾಳೆ."

ಸಲ್ತನತ್‌ಳ ನಗು ಅಲ್ಲಿಗೆ ನಿಂತಿತು. ಅವರಲ್ಲಿ ಮದುವೆ ಗೊತ್ತಾಯಿತೆಂದರೆ ಹುಡುಗನ ತಾಯಿ ಬಂದು ಹುಡುಗಿಯ ಕಿವಿಗೆ ಓಲೆ ತೊಡಿಸುತ್ತಾಳೆ. ತೊಡಿಸಿದ ಮೇಲೆ ಮಾತಿಲ್ಲ.

"ಇಪ್ಪತ್ತೆರಡರಲ್ಲಿ ನನಗೂ ಒಬ್ಬರು ತೊಡಿಸಿದ್ರು ಎರ್ಮೆಕ್. ಚಹಾ ತಟ್ಟೆ ಹಿಡ್ಕೊಂಡು ಒಳಗೆ ಹೋದೆ, ಓಲೆ ಹಾಕಿಸ್ಕೊಂಡು ಹೊರಗೆ ಬಂದೆ. ನಿನಗೆ ಇಷ್ಟನಾ ಅಂತ ಒಬ್ಬರೂ ಕೇಳಲಿಲ್ಲ. ದೊಡ್ಡವರ ಮುಂದೆ ಬೇಡ ಅನ್ನೋದು ಹೇಗೆ ಅಂತ ನನಗೂ ಗೊತ್ತಿರಲಿಲ್ಲ. ಇನ್ನೊಂದು ಸಲ ಹಾಗೆ ಆಗೋಕೆ ನಾನು ಬಿಡಲ್ಲ. ನಿಮ್ಮ ಮೇಲೆ ಎಷ್ಟೇ ಪ್ರೀತಿ ಇದ್ರೂ ಬಿಡಲ್ಲ."

"ಪ್ರೀತಿ ಇದೆಯಾ?"

"ಇಲ್ದೆ ಇಷ್ಟು ಹೊತ್ತು ಚಳೀಲಿ ನಿಂತಿರ್ತೀನಾ?"

ಅವನು ಅವಳ ಎರಡೂ ಕೈ ಹಿಡಿದುಕೊಂಡ. ಕಿಟಕಿಗಳಲ್ಲಿ ಮೊದಲ ವರ್ಷದ ಐವತ್ತೈದು ಮುಖಗಳಿದ್ದವು. ಯಾರೋ ಶಿಳ್ಳೆ ಹಾಕಿದರು. ಇಬ್ಬರೂ ಕೈ ಬಿಡಲಿಲ್ಲ.

"ಅಮ್ಮನಿಗೆ ನಾನು ಹೇಳ್ತೀನಿ. ಕೇಳಿ ತೊಡಿಸು ಅಂತ" ಎಂದ.

"ಅಮ್ಮನಿಗೆ? ನೀವು?"

"ಹೇಳ್ತೀನಿ" ಎಂದ ಎರ್ಮೆಕ್. ಸಬೀರಾ ಏಜೆಯ ಮುಂದೆ ನಿಂತಾಗಲೂ ಅವನ ಮುಖ ಇಷ್ಟು ಬಿಳಿಚಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಅವನ ತಾಯಿ ಕಾಲೀಚಾ ಸಲ್ತನತ್‌ಳ ಮನೆಗೆ ಬಂದರು. ಬಿಳಿ ಮುಂಡಾಸಿನಂಥ ತಲೆವಸ್ತ್ರ, ಮಂಡಿನೋವು, ಗಟ್ಟಿ ಗಂಟಲು. ಬೆಟ್ಟದಿಂದ ಸಲ್ತನತ್‌ಳ ತಂದೆತಾಯಿ ಇಳಿದು ಬಂದಿದ್ದರು. ಎರಡು ಕೋಣೆಯ ಪುಟ್ಟ ಮನೆಯಲ್ಲಿ ಚಿಕ್ಕಮ್ಮ ದೊಡ್ಡಮ್ಮಂದಿರೆಲ್ಲ ಹುರಿದ ಹಿಟ್ಟಿನ ಉಂಡೆಗಳ ಸುತ್ತ ಒತ್ತೊತ್ತಾಗಿ ಕೂತಿದ್ದರು. ಎರ್ಮೆಕ್ ಬಾಗಿಲ ಬಳಿ ನಿಂತಿದ್ದ. ಕಾಲೀಚಾ ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ಬೆಳ್ಳಿಯ ಓಲೆ, ಗಲ್ಲದವರೆಗೆ ಇಳಿಯುವ ಸರಪಳಿ, ಕೆಂಪು ಹವಳ.

ತೊಡಿಸಲು ಎತ್ತಿದ ಕೈ ಹಾಗೇ ನಿಂತಿತು.

"ಕೇಳ್ಬೇಕಂತೆ" ಎಂದರು, ಮಗನ ಕಡೆ ಒಮ್ಮೆ ಗುರುಗುಟ್ಟಿ ನೋಡಿ. "ಎರಡು ದಿನ ಈ ವಿಷಯಕ್ಕೆ ನನ್ನ ಜೊತೆ ವಾದ ಮಾಡಿದಾನೆ. ಹುಟ್ಟಿದಾಗಿಂದ ನನಗೆ ಎದುರು ಮಾತಾಡದವನು! ಸರಿಯಮ್ಮ, ಕೇಳ್ತೀನಿ. ತೊಡಿಸಲಾ? ನನ್ನ ವಯಸ್ಸು ನೋಡಿ ಹೂಂ ಅನ್ನಬೇಡ. ಇಲ್ಲ ಅಂದ್ರೆ ಚಹಾ ಕುಡಿದು ಹೋಗ್ತೀನಿ."

ಸಲ್ತನತ್ ಬಾಗಿಲ ಕಡೆ ನೋಡಿದಳು. ಎರ್ಮೆಕ್ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ನಿಜವಾಗಿ ಕಾಯುತ್ತಿದ್ದ. ಇಲ್ಲ ಎನ್ನುವ ಹಕ್ಕು ಕೈಯಲ್ಲಿದ್ದಾಗ ಹೂಂ ಎನ್ನುವುದು ಇಷ್ಟು ಹಿತವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ತೊಡಿಸಿ ಅಮ್ಮಾ. ನನಗಿಷ್ಟ ಇದೆ."

ತೊಡಿಸಿದರು. ಬೆರ್ಮೆತ್ ಕನ್ನಡಿ ಹಿಡಿದಳು. "ಹೇಗಿದೆ?" ಎಂದು ಕಾಲೀಚಾ ಕೇಳಿದ್ದೇ ತಡ, ಚಿಕ್ಕಮ್ಮ ದೊಡ್ಡಮ್ಮಂದಿರೆಲ್ಲ ಒಂದೇ ದನಿಯಲ್ಲಿ "ತುಂಬಾ ಚೆನ್ನಾಗಿದೆ!" ಎಂದರು.

ಸಲ್ತನತ್ ಕನ್ನಡಿ ನೋಡಿದಳು. ಒಂದು ಕ್ಷಣ ತುಟಿ ಕಚ್ಚಿದಳು.

"ಚೆನ್ನಾಗಿದೆ ಅಮ್ಮಾ. ಆದ್ರೆ ತುಂಬಾ ಭಾರ. ಕಿವಿ ನೋಯ್ತಿದೆ."

ಚಹಾ ಸುರಿಯುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. ಅವಳ ತಾಯಿ ಕಣ್ಣು ಮುಚ್ಚಿಕೊಂಡರು. ಕಾಲೀಚಾ ಸೊಸೆಯಾಗಲಿರುವವಳನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದರು. ಆಮೇಲೆ ತಲೆವಸ್ತ್ರ ಸರಿಸಿ ತಮ್ಮ ಕಿವಿಯ ಹಾಲೆ ತೋರಿಸಿದರು. ತೂತು ಜಗ್ಗಿ ಜಗ್ಗಿ ಉದ್ದಕ್ಕೆ ಸೀಳಿಹೋಗಿತ್ತು.

"ನಮ್ಮತ್ತೆ ನನಗೆ ತೊಡಿಸಿದ್ದು ಇದೇ ಓಲೆ. ನಲವತ್ಮೂರು ವರ್ಷ ಹಾಕ್ಕೊಂಡಿದ್ದೆ. ನನಗೂ ನೋಯ್ತಿತ್ತು ಕಣೇ. ಯಾರಿಗೆ ಹೇಳಲಿ?"

ಅವರೇ ಕೈ ಚಾಚಿ ಓಲೆಗಳನ್ನು ಒಂದೊಂದಾಗಿ ಬಿಚ್ಚಿ ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ನಾಳೆ ಅಕ್ಕಸಾಲಿಗನ ಹತ್ರ ಹೋಗೋಣ, ನೀನೂ ಬಾ. ಇದನ್ನ ಕರಗಿಸಿದ್ರೆ ಹಗುರದ್ದು ಎರಡು ಜೊತೆ ಆಗುತ್ತೆ" ಎಂದರು. "ಒಂದು ನಿನಗೆ, ಒಂದು ನನಗೆ."